ಖಿನ್ನತೆಯಲ್ಲಿ ಕಾಂತೀಯ ಮಿದುಳು ಪ್ರಚೋದನೆಗೆ ಪ್ರತಿಸ್ಪಂದನೆಯ ಮುನ್ಸೂಚನೆ

ಖಿನ್ನತೆಯಲ್ಲಿ ಕಾಂತೀಯ ಮಿದುಳು ಪ್ರಚೋದನೆಗೆ ಪ್ರತಿಸ್ಪಂದನೆಯ ಮುನ್ಸೂಚನೆ ಎಂದರೆ, ಖಿನ್ನತೆಯಿಂದ ಬಳಲುತ್ತಿರುವ ಒಬ್ಬ ರೋಗಿಗೆ ಈ ಚಿಕಿತ್ಸೆಯಿಂದ ಗುಣ ಕಾಣುವುದೇ ಇಲ್ಲವೇ ಎಂಬುದನ್ನು ಚಿಕಿತ್ಸೆಯ ಮೊದಲೇ ಅಥವಾ ಅದರ ಆರಂಭದ ದಿನಗಳಲ್ಲಿಯೇ ಅಂದಾಜಿಸುವ ಪ್ರಯತ್ನ. ಇದು ಮನೋವೈದ್ಯಶಾಸ್ತ್ರ, ನರವಿಜ್ಞಾನ ಮತ್ತು ಸಂಖ್ಯಾಶಾಸ್ತ್ರಗಳು ಸಂಧಿಸುವ ಸಂಶೋಧನಾ ಕ್ಷೇತ್ರವಾಗಿದೆ. ರೋಗಿಯ ಕಾಯಿಲೆಯ ಹಿನ್ನೆಲೆ, ಅವರು ಸೇವಿಸುತ್ತಿರುವ ಔಷಧಿಗಳು, ಮಿದುಳಿನ ವಿದ್ಯುತ್ ಅಲೆಗಳು, ಮಿದುಳಿನ ಚಿತ್ರಣ ಹಾಗೂ ಚಿಕಿತ್ಸೆಯ ಮೊದಲ ವಾರಗಳ ಬದಲಾವಣೆ ಇವು ಮುನ್ಸೂಚನೆಗೆ ಆಧಾರವಾಗಿ ಪರಿಶೀಲಿಸಲ್ಪಟ್ಟಿವೆ. ಗುಂಪಿನ ಮಟ್ಟದಲ್ಲಿ ಹಲವು ಸುಳಿವುಗಳು ದೊರೆತಿದ್ದರೂ, ಇಂತಹ ರೋಗಿಗೆ ಗುಣವಾಗುತ್ತದೆ, ಇಂತಹವರಿಗೆ ಆಗುವುದಿಲ್ಲ ಎಂದು ಚಿಕಿತ್ಸೆಗೆ ಮುನ್ನವೇ ಖಚಿತವಾಗಿ ಹೇಳುವ ಯಾವುದೇ ಪರೀಕ್ಷೆ ಇನ್ನೂ ಆಸ್ಪತ್ರೆಗಳ ದೈನಂದಿನ ಬಳಕೆಗೆ ಬಂದಿಲ್ಲ.

ಚಿಕಿತ್ಸೆಯ ಸ್ವರೂಪ

ಕಾಂತೀಯ ಮಿದುಳು ಪ್ರಚೋದನೆಯನ್ನು ವೈದ್ಯರು ಟಿ.ಎಂ.ಎಸ್. ಎಂದು ಕರೆಯುತ್ತಾರೆ. ಪ್ಲಾಸ್ಟಿಕ್ ಹೊದಿಕೆಯೊಳಗಿನ ತಾಮ್ರದ ತಂತಿಯ ಸುರುಳಿಯೊಂದನ್ನು ರೋಗಿಯ ತಲೆಗೆ ತಾಗಿಸಿ ಹಿಡಿಯಲಾಗುತ್ತದೆ. ಸುರುಳಿಯ ಆಕಾರ ಸಾಮಾನ್ಯವಾಗಿ ಇಂಗ್ಲಿಷಿನ 8ರ ಅಂಕಿಯಂತಿರುತ್ತದೆ. ಅದರೊಳಗೆ ಅತ್ಯಲ್ಪ ಕಾಲ ಪ್ರಬಲವಾದ ವಿದ್ಯುತ್ ಹರಿದಾಗ ಸುಮಾರು 1.5ರಿಂದ 2 ಟೆಸ್ಲಾದಷ್ಟು ಕಾಂತಕ್ಷೇತ್ರ ಉಂಟಾಗುತ್ತದೆ. ಈ ಕಾಂತಕ್ಷೇತ್ರವು ಚರ್ಮ ಮತ್ತು ತಲೆಬುರುಡೆಯನ್ನು ಅಡೆತಡೆಯಿಲ್ಲದೆ ದಾಟಿ, ಎರಡು ಮೂರು ಸೆಂಟಿಮೀಟರ್ ಆಳದವರೆಗಿನ ಮಿದುಳಿನ ಹೊರಪದರದಲ್ಲಿ ಸೂಕ್ಷ್ಮ ವಿದ್ಯುತ್ ಪ್ರವಾಹವನ್ನು ಹುಟ್ಟಿಸುತ್ತದೆ. ಇದರ ಹಿಂದಿರುವುದು ಮೈಕೇಲ್ ಫ್ಯಾರಡೆ 1831ರಲ್ಲಿ ಕಂಡುಹಿಡಿದ ವಿದ್ಯುತ್ಕಾಂತೀಯ ಪ್ರೇರಣೆಯ ನಿಯಮ.

ಖಿನ್ನತೆಯಲ್ಲಿ ಹೆಚ್ಚಾಗಿ ಪ್ರಚೋದನೆ ನೀಡುವುದು ಮಿದುಳಿನ ಮುಂಭಾಗದ ಎಡ ಮೇಲ್ಪಾರ್ಶ್ವಕ್ಕೆ. ಯೋಚನೆ, ತೀರ್ಮಾನ ಹಾಗೂ ಭಾವನೆಗಳ ನಿಯಂತ್ರಣದಲ್ಲಿ ಈ ಭಾಗಕ್ಕೆ ಪಾತ್ರವಿದೆ. ರೂಢಿಯಲ್ಲಿರುವ ಕ್ರಮದಲ್ಲಿ ಸೆಕೆಂಡಿಗೆ 10 ಮಿಡಿತಗಳಂತೆ, ನಡುನಡುವೆ ವಿರಾಮ ಕೊಟ್ಟು, ಒಂದು ಅವಧಿಗೆ ಸುಮಾರು 3,000 ಮಿಡಿತಗಳನ್ನು ನೀಡಲಾಗುತ್ತದೆ. ವಾರಕ್ಕೆ ಐದು ದಿನಗಳಂತೆ ನಾಲ್ಕರಿಂದ ಆರು ವಾರ, ಅಂದರೆ 20ರಿಂದ 30 ಅವಧಿಗಳು ಬೇಕಾಗುತ್ತವೆ.

ಈ ಚಿಕಿತ್ಸೆಯನ್ನು ವಿದ್ಯುತ್ ಕಂಪನ ಚಿಕಿತ್ಸೆಯೊಂದಿಗೆ ಗೊಂದಲ ಮಾಡಿಕೊಳ್ಳಬಾರದು. ಜನರು ‘ಕರೆಂಟ್ ಕೊಡುವುದು’ ಎಂದು ಹೇಳುವ ಆ ಚಿಕಿತ್ಸೆಯಲ್ಲಿ ಅರಿವಳಿಕೆ ನೀಡಿ, ನಿಯಂತ್ರಿತವಾಗಿ ಸೆಳವನ್ನು ಉಂಟುಮಾಡಲಾಗುತ್ತದೆ. ಟಿ.ಎಂ.ಎಸ್. ಪಡೆಯುವವರು ಪೂರ್ಣ ಎಚ್ಚರದಲ್ಲಿ ಕುರ್ಚಿಯಲ್ಲಿ ಕುಳಿತಿರುತ್ತಾರೆ ಮತ್ತು ಮುಗಿದೊಡನೆ ಎದ್ದು ಹೋಗಬಹುದು. ಟಕಟಕ ಸದ್ದು, ನೆತ್ತಿಯ ಮೇಲೆ ಕುಟ್ಟಿದಂತಹ ಅನುಭವ ಮತ್ತು ತಲೆನೋವು ಸಾಮಾನ್ಯ. ಸೆಳವು ಬರುವ ಸಂಭವ ಬಹಳ ವಿರಳ. ತಲೆಯೊಳಗೆ ಅಥವಾ ತಲೆಯ ಸಮೀಪ ಕಾಂತಕ್ಕೆ ಸೆಳೆಯಲ್ಪಡುವ ಲೋಹ, ಕಿವಿಯೊಳಗೆ ಅಳವಡಿಸಿದ ಶ್ರವಣ ಸಾಧನ ಮುಂತಾದವು ಇರುವವರಿಗೆ ಇದನ್ನು ನೀಡುವುದಿಲ್ಲ.

ಇತಿಹಾಸ

ಮನುಷ್ಯರ ಮಿದುಳನ್ನು ತಲೆಬುರುಡೆಯ ಹೊರಗಿನಿಂದ ಕಾಂತೀಯವಾಗಿ ಪ್ರಚೋದಿಸುವ ಉಪಕರಣವನ್ನು 1985ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್ ನಗರದಲ್ಲಿ ಆಂಥೋನಿ ಬಾರ್ಕರ್ ಮತ್ತು ಸಂಗಡಿಗರು ಪ್ರದರ್ಶಿಸಿದರು. ಆರಂಭದಲ್ಲಿ ಇದು ನರಗಳ ಕಾರ್ಯವನ್ನು ಪರೀಕ್ಷಿಸುವ ಸಾಧನವಾಗಿತ್ತು. 1990ರ ದಶಕದ ಮಧ್ಯಭಾಗದಲ್ಲಿ ಅಮೆರಿಕದ ಮಾರ್ಕ್ ಜಾರ್ಜ್ ಹಾಗೂ ಅಲ್ವಾರೊ ಪಾಸ್ಕಲ್-ಲಿಯೋನ್ ಅವರ ತಂಡಗಳು ಮಿದುಳಿನ ಎಡ ಮುಂಭಾಗಕ್ಕೆ ಪ್ರತಿದಿನ ಪ್ರಚೋದನೆ ನೀಡಿದರೆ ಖಿನ್ನತೆ ಕಡಿಮೆಯಾಗುವ ಸಾಧ್ಯತೆಯನ್ನು ವರದಿ ಮಾಡಿದವು.

2007ರಲ್ಲಿ 301 ರೋಗಿಗಳ ಬಹುಕೇಂದ್ರ ಅಧ್ಯಯನವೊಂದು ಪ್ರಕಟವಾಯಿತು. ಅದರ ಆಧಾರದ ಮೇಲೆ 2008ರ ಅಕ್ಟೋಬರಿನಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಈ ಚಿಕಿತ್ಸೆಗೆ ಅನುಮತಿ ನೀಡಿತು. 2018ರಲ್ಲಿ ಕೆನಡಾದ 414 ರೋಗಿಗಳ ಅಧ್ಯಯನವು, ಮಿಡಿತಗಳನ್ನು ಚಿಕ್ಕ ಚಿಕ್ಕ ಗೊಂಚಲುಗಳಲ್ಲಿ ನೀಡುವ ‘ಥೀಟಾ ಬರ್ಸ್ಟ್’ ಕ್ರಮದ ಮೂರು ನಿಮಿಷಗಳ ಚಿಕಿತ್ಸೆಯು ಹಳೆಯ 37.5 ನಿಮಿಷಗಳ ಚಿಕಿತ್ಸೆಗೆ ಕಡಿಮೆಯಿಲ್ಲವೆಂದು ತೋರಿಸಿತು.

ಪ್ರತಿಸ್ಪಂದನೆಯ ಅಳತೆ

ಗುಣವಾಯಿತೆಂದು ಹೇಳುವುದಕ್ಕೆ ಒಂದು ಅಳತೆಗೋಲು ಬೇಕು. ಇದಕ್ಕೆ 1960ರಲ್ಲಿ ಮ್ಯಾಕ್ಸ್ ಹ್ಯಾಮಿಲ್ಟನ್ ರೂಪಿಸಿದ ಪ್ರಶ್ನಾವಳಿ ಮತ್ತು 1979ರ ಮಾಂಟ್‌ಗೊಮರಿ-ಆಸ್ಬರ್ಗ್ ಪ್ರಶ್ನಾವಳಿ ಹೆಚ್ಚು ಬಳಕೆಯಲ್ಲಿವೆ. ನಿದ್ರೆ, ಹಸಿವು, ಬೇಸರ, ತಪ್ಪಿತಸ್ಥ ಭಾವನೆ, ಸಾಯುವ ಯೋಚನೆ ಮೊದಲಾದವಕ್ಕೆ ಅಂಕಗಳನ್ನು ನೀಡಲಾಗುತ್ತದೆ. ಚಿಕಿತ್ಸೆಯ ನಂತರ ಒಟ್ಟು ಅಂಕ ಅರ್ಧ ಅಥವಾ ಅದಕ್ಕಿಂತ ಹೆಚ್ಚು ಇಳಿದರೆ ಅದನ್ನು ‘ಪ್ರತಿಸ್ಪಂದನೆ’ ಎನ್ನುತ್ತಾರೆ. ರೋಗಲಕ್ಷಣಗಳು ಬಹುಮಟ್ಟಿಗೆ ಇಲ್ಲವಾಗುವಷ್ಟು ಇಳಿದರೆ ಅದು ‘ಉಪಶಮನ’. ಹ್ಯಾಮಿಲ್ಟನ್ನನ 17 ಅಂಶಗಳ ಪ್ರಶ್ನಾವಳಿಯಲ್ಲಿ 7 ಅಥವಾ ಅದಕ್ಕಿಂತ ಕಡಿಮೆ ಅಂಕವನ್ನು ಸಾಮಾನ್ಯವಾಗಿ ಉಪಶಮನವೆಂದು ಪರಿಗಣಿಸಲಾಗುತ್ತದೆ.

ಈ ವ್ಯಾಖ್ಯೆಗೆ ಒಂದು ಮಿತಿಯಿದೆ. ಅಂಕವು ಶೇ. 51ರಷ್ಟು ಇಳಿದವರು ‘ಪ್ರತಿಸ್ಪಂದಿಸಿದವರು’, ಶೇ. 49ರಷ್ಟು ಇಳಿದವರು ‘ಪ್ರತಿಸ್ಪಂದಿಸದವರು’ ಎಂದಾಗುತ್ತದೆ. ಇವರಿಬ್ಬರ ಸ್ಥಿತಿಯಲ್ಲಿ ವಾಸ್ತವವಾಗಿ ಹೆಚ್ಚಿನ ಅಂತರವಿರುವುದಿಲ್ಲ. ಮುನ್ಸೂಚನೆಯ ಅಧ್ಯಯನಗಳಲ್ಲಿ ಬರುವ ‘ಹೌದು’ ‘ಇಲ್ಲ’ಗಳನ್ನು ಈ ಹಿನ್ನೆಲೆಯಲ್ಲಿ ಓದಬೇಕಾಗುತ್ತದೆ.

ಫಲಿತಾಂಶಗಳು ಅಧ್ಯಯನದಿಂದ ಅಧ್ಯಯನಕ್ಕೆ ಬದಲಾಗುತ್ತವೆ. 2010ರಲ್ಲಿ ಪ್ರಕಟವಾದ 190 ರೋಗಿಗಳ ಅಧ್ಯಯನದಲ್ಲಿ ನಿಜವಾದ ಚಿಕಿತ್ಸೆ ಪಡೆದವರಲ್ಲಿ ಸುಮಾರು ಶೇ. 14 ಮಂದಿಗೆ, ಸದ್ದು ಮತ್ತು ಸ್ಪರ್ಶ ಮಾತ್ರವಿರುವ ಹುಸಿ ಚಿಕಿತ್ಸೆ ಪಡೆದವರಲ್ಲಿ ಸುಮಾರು ಶೇ. 5 ಮಂದಿಗೆ ಉಪಶಮನ ದೊರೆಯಿತು. 2012ರಲ್ಲಿ ಅಮೆರಿಕದ ಚಿಕಿತ್ಸಾಲಯಗಳಿಂದ ಸಂಗ್ರಹಿಸಿದ 307 ರೋಗಿಗಳ ಮಾಹಿತಿಯಲ್ಲಿ, ವೈದ್ಯರ ಮೌಲ್ಯಮಾಪನದಂತೆ, ಶೇ. 58 ಮಂದಿ ಪ್ರತಿಸ್ಪಂದಿಸಿದ್ದರು ಮತ್ತು ಶೇ. 37 ಮಂದಿಗೆ ಉಪಶಮನವಾಗಿತ್ತು. ಈ ಎರಡನೆಯ ಬಗೆಯ ಮಾಹಿತಿಯಲ್ಲಿ ಹೋಲಿಕೆಗೆ ಹುಸಿ ಚಿಕಿತ್ಸೆಯ ಗುಂಪು ಇರುವುದಿಲ್ಲ. ಆದುದರಿಂದ ತಾನಾಗಿಯೇ ಆಗುವ ಚೇತರಿಕೆಯೂ, ಪ್ರತಿದಿನ ಆಸ್ಪತ್ರೆಯಲ್ಲಿ ದೊರೆಯುವ ಆರೈಕೆಯ ಪರಿಣಾಮವೂ ಈ ಅಂಕಿಗಳೊಳಗೆ ಸೇರಿರುತ್ತವೆ.

ಮುನ್ಸೂಚನೆಯ ಅಗತ್ಯ

ಒಂದು ಮಾತ್ರೆ ಕೆಲಸ ಮಾಡುವುದೇ ಎಂದು ನೋಡಲು ಅದನ್ನು ಮನೆಯಲ್ಲಿಯೇ ಕೆಲವು ವಾರ ಸೇವಿಸಿದರೆ ಸಾಕು. ಕಾಂತೀಯ ಪ್ರಚೋದನೆಗೆ ಯಂತ್ರವಿರುವ ಆಸ್ಪತ್ರೆಗೆ ಪ್ರತಿದಿನ ಹೋಗಬೇಕು. ಹೀಗಾಗಿ ಚಿಕಿತ್ಸೆಯ ನಿಜವಾದ ಬೆಲೆಯು ರೋಗಿ ಎಲ್ಲಿ ವಾಸಿಸುತ್ತಾರೆ ಎಂಬುದನ್ನು ಬಹುವಾಗಿ ಅವಲಂಬಿಸಿದೆ.

ಯಾದಗಿರಿ ಜಿಲ್ಲೆಯನ್ನು ಇದಕ್ಕೆ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. 2009ರ ಡಿಸೆಂಬರ್ 30ರಂದು ಅಂದಿನ ಗುಲಬರ್ಗಾ ಜಿಲ್ಲೆಯಿಂದ ಬೇರ್ಪಟ್ಟು ರಚನೆಯಾದ ಈ ಜಿಲ್ಲೆಯ ಜನಸಂಖ್ಯೆ 2011ರ ಜನಗಣತಿಯಂತೆ 11,74,271. ಆಗ ಅದರ ಸಾಕ್ಷರತೆ ಶೇ. 51.83 ಇದ್ದು, ರಾಜ್ಯದಲ್ಲಿಯೇ ಕನಿಷ್ಠವಾಗಿತ್ತು. ಯಾದಗಿರಿ ಪಟ್ಟಣವು ಮುಂಬಯಿ–ಚೆನ್ನೈ ರೈಲು ಮಾರ್ಗದಲ್ಲಿದೆ. ಶಹಾಪುರ ಮತ್ತು ಸುರಪುರಗಳಿಗೆ ರೈಲಿಲ್ಲ; ಅಲ್ಲಿನವರು ಬಸ್ಸು ಹಿಡಿದು ಯಾದಗಿರಿಗೆ ಬರಬೇಕು ಅಥವಾ ನೇರವಾಗಿ ಬಸ್ಸಿನಲ್ಲಿಯೇ ದೂರದ ಊರಿಗೆ ಪ್ರಯಾಣಿಸಬೇಕು. ಟಿ.ಎಂ.ಎಸ್. ಸೌಲಭ್ಯವಿರುವ ಬೆಂಗಳೂರಿನ ರಾಷ್ಟ್ರೀಯ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ, ಅಂದರೆ ನಿಮ್ಹಾನ್ಸ್, ಇಲ್ಲಿಂದ ಸುಮಾರು 500 ಕಿಲೋಮೀಟರ್ ದೂರದಲ್ಲಿದೆ.

ಸುರಪುರದ ಹಳ್ಳಿಯೊಂದರ ರೋಗಿ ಇಂತಹ ಚಿಕಿತ್ಸೆ ಪಡೆಯಬೇಕಾದರೆ ಒಂದು ತಿಂಗಳಿಗೂ ಮೀರಿ ಬೆಂಗಳೂರಿನಲ್ಲಿ ಉಳಿಯಬೇಕು. ಜೊತೆಗೆ ಮನೆಯ ಇನ್ನೊಬ್ಬರು ಇರಬೇಕು. ಇಬ್ಬರ ಕೂಲಿ ನಿಲ್ಲುತ್ತದೆ. ತೊಗರಿ ಅಥವಾ ಹತ್ತಿಯ ಹಂಗಾಮು ಆಗಿದ್ದರೆ ಹೊಲದ ಕೆಲಸವೂ ನಿಲ್ಲುತ್ತದೆ. ಬೆಂಗಳೂರಿನ ಬಡಾವಣೆಯಲ್ಲಿರುವ ರೋಗಿಗೆ ಇದೇ ಚಿಕಿತ್ಸೆ ದಿನಕ್ಕೊಂದು ಗಂಟೆಯ ಬಿಡುವಿನ ಪ್ರಶ್ನೆ ಮಾತ್ರ. ಇಷ್ಟೆಲ್ಲ ವ್ಯವಸ್ಥೆ ಮಾಡಿಕೊಂಡು ಹೋದ ಮೇಲೆ ಗುಣ ಕಾಣದಿದ್ದರೆ ಹಣದ ನಷ್ಟದ ಜೊತೆಗೆ ‘ತನಗೆ ಯಾವುದರಿಂದಲೂ ಗುಣವಾಗದು’ ಎಂಬ ಹತಾಶೆಯೂ ಬೆಳೆಯಬಹುದು. ಹತಾಶೆಯು ಖಿನ್ನತೆಯ ಲಕ್ಷಣವೇ ಆಗಿರುವುದರಿಂದ ಇದು ಕಡೆಗಣಿಸುವ ಮಾತಲ್ಲ. ಇದಕ್ಕೆ ವಿರುದ್ಧವಾದ ಅಪಾಯವೂ ಇದೆ: ಗುಣವಾಗಬಹುದಾಗಿದ್ದ ರೋಗಿಯನ್ನು ತಪ್ಪು ಮುನ್ಸೂಚನೆಯ ಆಧಾರದ ಮೇಲೆ ಮನೆಗೆ ಕಳುಹಿಸುವುದು.

ರೋಗಿಯ ಹಿನ್ನೆಲೆಯಿಂದ ದೊರೆಯುವ ಸುಳಿವುಗಳು

ಯಾವ ಯಂತ್ರದ ಅಗತ್ಯವೂ ಇಲ್ಲದೆ, ರೋಗಿ ಮತ್ತು ಮನೆಯವರೊಂದಿಗಿನ ಮಾತುಕತೆಯಿಂದ ತಿಳಿಯುವ ಸಂಗತಿಗಳು ಈ ಗುಂಪಿಗೆ ಸೇರುತ್ತವೆ.

ವಿಫಲವಾದ ಹಿಂದಿನ ಚಿಕಿತ್ಸೆಗಳ ಸಂಖ್ಯೆ: ಹಲವು ಔಷಧಿಗಳಿಗೆ ಬಗ್ಗದ ಖಿನ್ನತೆಯು ಕಾಂತೀಯ ಪ್ರಚೋದನೆಗೂ ಕಡಿಮೆ ಪ್ರತಿಸ್ಪಂದಿಸುವ ಪ್ರವೃತ್ತಿ ತೋರುತ್ತದೆ. 2006ರಲ್ಲಿ ಆರು ಅಧ್ಯಯನಗಳ 195 ರೋಗಿಗಳ ಮಾಹಿತಿಯನ್ನು ಒಟ್ಟುಗೂಡಿಸಿದಾಗ ಇದು ಕಂಡುಬಂದಿತು. 2007ರ ಬಹುಕೇಂದ್ರ ಅಧ್ಯಯನದ ಮಾಹಿತಿಯನ್ನು ಸಾರಾ ಲಿಸಾನ್ಬಿ ಮತ್ತು ಸಹೋದ್ಯೋಗಿಗಳು ವಿಶ್ಲೇಷಿಸಿ 2009ರಲ್ಲಿ ಪ್ರಕಟಿಸಿದ ಲೇಖನವೂ ಇದನ್ನೇ ಹೇಳಿತು. 2008ರ ಅಮೆರಿಕದ ಅನುಮತಿಯು ಮೊದಲಿಗೆ ಒಂದು ಔಷಧಿ ವಿಫಲವಾದ ರೋಗಿಗಳಿಗೆ ಮಾತ್ರ ಸೀಮಿತವಾಗಿದ್ದುದು ಈ ಕಾರಣದಿಂದಲೇ. ಮುನ್ಸೂಚನೆಯ ಒಂದು ಸುಳಿವು ಸರ್ಕಾರಿ ನಿಯಮವಾಗಿ ಪರಿಣಮಿಸಿದ ಉದಾಹರಣೆ ಇದು.

ಕಾಯಿಲೆಯ ಅವಧಿ: ಪ್ರಸ್ತುತ ಖಿನ್ನತೆ ಆರಂಭವಾಗಿ ಹೆಚ್ಚು ಕಾಲವಾಗಿಲ್ಲದವರಲ್ಲಿ ಫಲಿತಾಂಶ ಉತ್ತಮವಾಗಿರುತ್ತದೆ. ವರ್ಷಗಟ್ಟಲೆ ಚಿಕಿತ್ಸೆಯಿಲ್ಲದೆ ಕಳೆದವರಲ್ಲಿ ಇದು ತಗ್ಗುತ್ತದೆ.

ವಯಸ್ಸು: ಹಿರಿಯರಲ್ಲಿ ಪರಿಣಾಮ ಕಡಿಮೆಯೆಂದು ಆರಂಭದ ಅಧ್ಯಯನಗಳು ಸೂಚಿಸಿದ್ದವು. ವಯಸ್ಸಾದಂತೆ ಮಿದುಳು ಕುಗ್ಗಿ, ಸುರುಳಿಗೂ ಮಿದುಳಿಗೂ ನಡುವಿನ ಅಂತರ ಹೆಚ್ಚುವುದು ಇದಕ್ಕೆ ಕಾರಣವೆಂದು ಊಹಿಸಲಾಗಿತ್ತು. ಪ್ರಚೋದನೆಯ ಪ್ರಮಾಣವನ್ನು ಸರಿಹೊಂದಿಸಿದ ನಂತರದ ಅಧ್ಯಯನಗಳಲ್ಲಿ ಈ ಭೇದ ಸ್ಪಷ್ಟವಾಗಿ ಉಳಿದಿಲ್ಲ. ವಯಸ್ಸೊಂದನ್ನೇ ಕಾರಣ ಮಾಡಿ ಚಿಕಿತ್ಸೆ ನಿರಾಕರಿಸುವುದಕ್ಕೆ ಆಧಾರವಿಲ್ಲ.

ಜೊತೆಯಲ್ಲಿ ಸೇವಿಸುವ ಔಷಧಿಗಳು: ನಿದ್ರೆಗೂ ಆತಂಕಕ್ಕೂ ಕೊಡುವ ಬೆಂಜೊಡಯಜೆಪೀನ್ ಗುಂಪಿನ ಮಾತ್ರೆಗಳನ್ನು ಸೇವಿಸುವವರಲ್ಲಿ ಫಲಿತಾಂಶ ಕಡಿಮೆಯಿರುವುದು ಒಂದಕ್ಕಿಂತ ಹೆಚ್ಚು ಅಧ್ಯಯನಗಳಲ್ಲಿ ಕಂಡಿದೆ. 2019ರ 181 ರೋಗಿಗಳ ಅಧ್ಯಯನ ಅವುಗಳಲ್ಲೊಂದು. ಮಾತ್ರೆಯೇ ಪರಿಣಾಮವನ್ನು ತಗ್ಗಿಸುತ್ತದೆಯೇ ಅಥವಾ ಅಂತಹ ಮಾತ್ರೆ ಬೇಕಾಗುವಷ್ಟು ಆತಂಕವಿರುವವರಿಗೆ ಗುಣವಾಗುವುದೇ ಕಷ್ಟವೇ ಎಂಬುದು ಇಂತಹ ಅಧ್ಯಯನಗಳಿಂದ ತೀರ್ಮಾನವಾಗುವುದಿಲ್ಲ. ಈ ಮಾತ್ರೆಗಳನ್ನು ವೈದ್ಯರ ಸಲಹೆಯಿಲ್ಲದೆ ಏಕಾಏಕಿ ನಿಲ್ಲಿಸಿದರೆ ಸೆಳವು ಬರುವ ಅಪಾಯವಿದೆ.

ಕಾಯಿಲೆಯ ಬಗೆ: ಭ್ರಮೆಗಳಿಂದ ಕೂಡಿದ ತೀವ್ರ ಖಿನ್ನತೆ ಅಥವಾ ಪ್ರಾಣಾಪಾಯದ ಸ್ಥಿತಿಯಲ್ಲಿ ವಿದ್ಯುತ್ ಕಂಪನ ಚಿಕಿತ್ಸೆಯೇ ಹೆಚ್ಚು ಪರಿಣಾಮಕಾರಿ. ಅಂತಹ ರೋಗಿಗಳನ್ನು ಟಿ.ಎಂ.ಎಸ್. ಅಧ್ಯಯನಗಳಿಂದ ಸಾಮಾನ್ಯವಾಗಿ ಹೊರಗಿಡಲಾಗಿರುತ್ತದೆ.

ಹಿಂದಿನ ಅನುಭವ: ಒಮ್ಮೆ ಈ ಚಿಕಿತ್ಸೆಯಿಂದ ಗುಣಹೊಂದಿ, ನಂತರ ಮತ್ತೆ ಖಿನ್ನತೆಗೆ ಒಳಗಾದವರಿಗೆ ಎರಡನೆಯ ಬಾರಿಯೂ ಪ್ರಯೋಜನವಾಗುವ ಸಂಭವ ಹೆಚ್ಚು.

ಮಿದುಳಿನ ಅಲೆಗಳ ಪರೀಕ್ಷೆ

ನೆತ್ತಿಯ ಮೇಲೆ ತಂತಿಗಳನ್ನಿಟ್ಟು ಮಿದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸುವ ಇ.ಇ.ಜಿ. ಪರೀಕ್ಷೆಯು ಮೂರ್ಛೆರೋಗದ ತಪಾಸಣೆಯಿಂದಾಗಿ ಜನರಿಗೆ ಪರಿಚಿತವಾಗಿದೆ. ಇದು ಅಗ್ಗ ಮತ್ತು ಸುಲಭ. ಮುನ್ಸೂಚನೆಗೆ ಇದು ಒದಗಿದರೆ ಸಣ್ಣ ಊರುಗಳಿಗೂ ಪ್ರಯೋಜನವಾಗುತ್ತದೆ ಎಂಬ ಕಾರಣದಿಂದ ಇದರ ಮೇಲೆ ಹೆಚ್ಚಿನ ಸಂಶೋಧನೆ ನಡೆದಿದೆ.

ಕಣ್ಣು ಮುಚ್ಚಿ ವಿಶ್ರಮಿಸುವಾಗ ಕಾಣುವ ಆಲ್ಫಾ ಅಲೆಗಳ ವೇಗವು ಒಬ್ಬೊಬ್ಬರಲ್ಲಿ ಸ್ವಲ್ಪ ಬೇರೆಯಾಗಿರುತ್ತದೆ. ಈ ವೇಗವು ಸೆಕೆಂಡಿಗೆ 10ರ ಸಮೀಪ ಇರುವವರಿಗೆ ಸೆಕೆಂಡಿಗೆ 10 ಮಿಡಿತಗಳ ಚಿಕಿತ್ಸೆಯಿಂದ ಹೆಚ್ಚು ಪ್ರಯೋಜನವಾಗುತ್ತದೆ ಎಂದು 2019ರ ಅಧ್ಯಯನವೊಂದು ವರದಿ ಮಾಡಿತು. 2021ರಲ್ಲಿ ಬೇರೊಂದು ಸಂಶೋಧಕರ ಒಕ್ಕೂಟ ತನ್ನ ರೋಗಿಗಳಲ್ಲಿ ಇದೇ ಸಂಬಂಧವನ್ನು ಕಂಡಿತು. ಆದರೆ ಸಂಬಂಧವು ದುರ್ಬಲವಾಗಿದ್ದು, ಒಬ್ಬ ರೋಗಿಯ ವಿಷಯದಲ್ಲಿ ತೀರ್ಮಾನ ಮಾಡಲು ಸಾಲದು. ಇನ್ನು ಕೆಲವು ಇ.ಇ.ಜಿ. ಸುಳಿವುಗಳು ಮೊದಲ ಅಧ್ಯಯನದಲ್ಲಿ ಭರವಸೆ ಮೂಡಿಸಿ, 2018ರಲ್ಲಿ ಹೊಸ ರೋಗಿಗಳ ಮೇಲೆ ಪರೀಕ್ಷಿಸಿದಾಗ ಕಾಣಲಿಲ್ಲ. ಖಿನ್ನತೆಯ ಎಲ್ಲ ಬಗೆಯ ಚಿಕಿತ್ಸೆಗಳ ಇ.ಇ.ಜಿ. ಮುನ್ಸೂಚನೆಗಳನ್ನು ಒಟ್ಟಾಗಿ ಪರಿಶೀಲಿಸಿದ 2019ರ ಸಮೀಕ್ಷೆಯು, ಅವು ಚಿಕಿತ್ಸಾಲಯದ ಬಳಕೆಗೆ ಇನ್ನೂ ಯೋಗ್ಯವಾಗಿಲ್ಲವೆಂದು ತೀರ್ಮಾನಿಸಿತು.

ಮಿದುಳಿನ ಚಿತ್ರಣ

ಎಂ.ಆರ್.ಐ. ಯಂತ್ರದ ಒಂದು ಬಗೆಯ ಪರೀಕ್ಷೆಯಿಂದ ಮಿದುಳಿನ ಯಾವ ಭಾಗಗಳು ಒಟ್ಟೊಟ್ಟಿಗೆ ಚುರುಕಾಗುತ್ತವೆ, ಯಾವುವು ಒಂದಕ್ಕೊಂದು ವಿರುದ್ಧವಾಗಿ ವರ್ತಿಸುತ್ತವೆ ಎಂಬುದು ತಿಳಿಯುತ್ತದೆ. ಮಿದುಳಿನ ಆಳದಲ್ಲಿ, ಎರಡು ಅರ್ಧಗೋಳಗಳು ಸೇರುವ ನಡುಗೆರೆಯ ಬಳಿ ಇರುವ ಒಂದು ಭಾಗವು ಖಿನ್ನತೆಯಲ್ಲಿ ಅತಿಯಾಗಿ ಚುರುಕಾಗಿರುತ್ತದೆ. 2012ರಲ್ಲಿ ಮೈಕೆಲ್ ಫಾಕ್ಸ್ ಮತ್ತು ಸಂಗಡಿಗರು, ಪ್ರಚೋದನೆ ನೀಡುವ ಎಡ ಮುಂಭಾಗದ ಜಾಗವು ಈ ಆಳದ ಭಾಗಕ್ಕೆ ಎಷ್ಟು ವಿರುದ್ಧವಾಗಿ ವರ್ತಿಸುತ್ತದೆಯೋ ಅಷ್ಟು ಉತ್ತಮ ಫಲ ದೊರೆಯುತ್ತದೆ ಎಂಬ ವಿಚಾರವನ್ನು ಮಂಡಿಸಿದರು. ಸುರುಳಿಯ ಕಾಂತಕ್ಷೇತ್ರ ನೇರವಾಗಿ ಆ ಆಳವನ್ನು ತಲುಪದಿದ್ದರೂ, ಮೇಲ್ಪದರದ ಮೂಲಕ ಅದರ ಮೇಲೆ ಪರಿಣಾಮ ಬೀರಬಹುದೆಂಬುದು ಇದರ ತಿರುಳು.

ಇದರಿಂದ ಮುನ್ಸೂಚನೆಯ ಪ್ರಶ್ನೆಗೇ ಹೊಸ ರೂಪ ಬಂದಿತು. ‘ಈ ರೋಗಿಗೆ ಗುಣವಾಗುವುದೇ’ ಎಂಬುದರ ಜೊತೆಗೆ ‘ಈ ರೋಗಿಯ ಮಿದುಳಿನಲ್ಲಿ ಯಾವ ಜಾಗಕ್ಕೆ ಪ್ರಚೋದನೆ ನೀಡಿದರೆ ಗುಣವಾದೀತು’ ಎಂಬ ಪ್ರಶ್ನೆಯೂ ಮುಂದೆ ಬಂದಿತು. ಹಿಂದೆ ಈ ಜಾಗವನ್ನು ಸರಳವಾಗಿ ಗುರುತಿಸಲಾಗುತ್ತಿತ್ತು: ಹೆಬ್ಬೆರಳನ್ನು ಅಲುಗಿಸುವ ಬಿಂದುವನ್ನು ನೆತ್ತಿಯ ಮೇಲೆ ಹುಡುಕಿ, ಅಲ್ಲಿಂದ 5 ಸೆಂಟಿಮೀಟರ್ ಮುಂದಕ್ಕೆ ಅಳೆಯುತ್ತಿದ್ದರು. ತಲೆಯ ಗಾತ್ರ ಎಲ್ಲರಲ್ಲಿಯೂ ಒಂದೇ ಅಲ್ಲವಾದ್ದರಿಂದ ಈ ಅಳತೆಯಿಂದ ಸುರುಳಿ ಸರಿಯಾದ ಜಾಗದಿಂದ ಆಚೀಚೆ ಸರಿಯುವ ಸಂಭವವಿತ್ತು.

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ನೋಲನ್ ವಿಲಿಯಮ್ಸ್ ಅವರ ತಂಡವು ಪ್ರತಿ ರೋಗಿಯ ಮಿದುಳಿನ ಚಿತ್ರಣದಿಂದ ಜಾಗವನ್ನು ಆರಿಸಿ, ದಿನಕ್ಕೆ 10 ಅವಧಿಗಳಂತೆ ಐದೇ ದಿನಗಳಲ್ಲಿ ಚಿಕಿತ್ಸೆ ಮುಗಿಸುವ ಕ್ರಮವನ್ನು ರೂಪಿಸಿತು. 2022ರಲ್ಲಿ ಪ್ರಕಟವಾದ 29 ರೋಗಿಗಳ ಅಧ್ಯಯನದಲ್ಲಿ, ನಾಲ್ಕು ವಾರಗಳ ನಂತರ, ನಿಜವಾದ ಚಿಕಿತ್ಸೆ ಪಡೆದವರ ಖಿನ್ನತೆಯ ಅಂಕ ಸರಾಸರಿ ಶೇ. 52.5ರಷ್ಟು, ಹುಸಿ ಚಿಕಿತ್ಸೆಯವರದು ಶೇ. 11.1ರಷ್ಟು ಇಳಿದಿತ್ತು. ಈ ಯಶಸ್ಸಿನಲ್ಲಿ ಜಾಗದ ಆಯ್ಕೆಯ ಪಾಲೆಷ್ಟು, ಹೆಚ್ಚಿಸಿದ ಪ್ರಮಾಣದ ಪಾಲೆಷ್ಟು ಎಂಬುದನ್ನು ಆ ಅಧ್ಯಯನ ಬೇರ್ಪಡಿಸಿಲ್ಲ. ಬ್ರಿಟನ್ನಿನಲ್ಲಿ 255 ರೋಗಿಗಳ ಮೇಲೆ ನಡೆದು 2024ರಲ್ಲಿ ಪ್ರಕಟವಾದ ‘ಬ್ರೈಟ್‌ಮೈಂಡ್’ ಅಧ್ಯಯನದಲ್ಲಿ, ಮಿದುಳಿನ ಭಾಗಗಳ ಸಂಪರ್ಕವನ್ನು ನೋಡಿ ಜಾಗ ಆರಿಸಿದವರಿಗೂ ರೂಢಿಯ ಕ್ರಮದಲ್ಲಿ ಚಿಕಿತ್ಸೆ ಪಡೆದವರಿಗೂ ಫಲಿತಾಂಶದಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಎರಡೂ ಗುಂಪಿನವರು ಸುಧಾರಿಸಿದ್ದರು.

ಮುನ್ಸೂಚನೆಗಳು ಹುಸಿಯಾಗುವುದಕ್ಕೆ ಕಾರಣಗಳು

2017ರಲ್ಲಿ 1,188 ಮಂದಿಯ ಮಿದುಳಿನ ಚಿತ್ರಣಗಳನ್ನು ವಿಶ್ಲೇಷಿಸಿದ ಅಧ್ಯಯನವೊಂದು ಖಿನ್ನತೆಯನ್ನು ನಾಲ್ಕು ಜೈವಿಕ ಬಗೆಗಳಾಗಿ ವಿಂಗಡಿಸಿತು. ಕಾಂತೀಯ ಪ್ರಚೋದನೆ ಪಡೆದ 154 ಮಂದಿಯಲ್ಲಿ ಈ ಬಗೆಗಳಿಂದ ಫಲಿತಾಂಶವನ್ನು ಮುಂದಾಗಿ ಹೇಳಬಹುದೆಂದೂ ತಿಳಿಸಿತು. ಈ ಸುದ್ದಿ ಜಗತ್ತಿನೆಲ್ಲೆಡೆ ಪ್ರಚಾರ ಪಡೆಯಿತು. 2019ರಲ್ಲಿ ನೆದರ್ಲೆಂಡ್ಸ್‌ನ ಸಂಶೋಧಕರು ಅದೇ ವಿಧಾನವನ್ನು 187 ರೋಗಿಗಳ ಮೇಲೆ ಅನುಸರಿಸಿದಾಗ, ಅಂತಹ ಸ್ಪಷ್ಟ ಬಗೆಗಳಿವೆ ಎಂಬುದಕ್ಕೆ ಸಾಕಷ್ಟು ಆಧಾರ ದೊರೆಯಲಿಲ್ಲ. ಈ ಕ್ಷೇತ್ರದಲ್ಲಿ ಇಂತಹ ಏರಿಳಿತ ಮತ್ತೆ ಮತ್ತೆ ಕಂಡುಬರುವುದಕ್ಕೆ ಮೂರು ಮುಖ್ಯ ಕಾರಣಗಳಿವೆ.

ಮೊದಲನೆಯದು, ಸಣ್ಣ ಗುಂಪು ಮತ್ತು ಅಸಂಖ್ಯ ಅಳತೆಗಳು. ಒಂದು ಮಿದುಳಿನ ಚಿತ್ರಣದಿಂದ ಸಾವಿರಾರು ಸಂಖ್ಯೆಗಳು ಸಿಗುತ್ತವೆ. ರೋಗಿಗಳು ಕೆಲವೇ ಹತ್ತು ಮಂದಿ ಇದ್ದಾಗ, ಆ ಸಾವಿರಾರು ಸಂಖ್ಯೆಗಳಲ್ಲಿ ಯಾವುದಾದರೊಂದು ಆಕಸ್ಮಿಕವಾಗಿ ಫಲಿತಾಂಶದೊಂದಿಗೆ ಹೊಂದಿಕೊಳ್ಳುತ್ತದೆ. ಹಳೆಯ ಪ್ರಶ್ನೆಪತ್ರಿಕೆಯನ್ನು ಬಾಯಿಪಾಠ ಮಾಡಿದ ವಿದ್ಯಾರ್ಥಿ ಅದೇ ಪತ್ರಿಕೆಯಲ್ಲಿ ಪೂರ್ಣಾಂಕ ಪಡೆದು, ಹೊಸ ಪತ್ರಿಕೆಯಲ್ಲಿ ಸೋಲುವಂತೆ, ಇಂತಹ ಲೆಕ್ಕಾಚಾರವೂ ಹೊಸ ರೋಗಿಗಳ ಮುಂದೆ ಸೋಲುತ್ತದೆ. ಆದ್ದರಿಂದ ಮುನ್ಸೂಚನೆಯ ಬೆಲೆಯನ್ನು ಅದನ್ನು ರೂಪಿಸಲು ಬಳಸದ ರೋಗಿಗಳ ಮೇಲೆ ಪರೀಕ್ಷಿಸಿ ನೋಡಬೇಕು.

ಎರಡನೆಯದು, ಗುಂಪಿನ ಸರಾಸರಿಗೂ ಒಬ್ಬ ವ್ಯಕ್ತಿಗೂ ಇರುವ ಅಂತರ. ಜಿಲ್ಲೆಯಲ್ಲಿ ವಾಡಿಕೆಯ ಮಳೆ ಆಗಲಿದೆ ಎಂಬ ಹೇಳಿಕೆ ನಿಜವಾದರೂ, ಶಹಾಪುರದ ಒಂದು ಹೊಲಕ್ಕೆ ಹದವಾದ ಮಳೆ ಬೀಳುವುದೆಂದು ಅದರಿಂದ ತಿಳಿಯುವುದಿಲ್ಲ.

ಮೂರನೆಯದು, ‘ಗುಣವಾಗುವವರು’ ಮತ್ತು ‘ಈ ಚಿಕಿತ್ಸೆಯಿಂದಲೇ ಗುಣವಾಗುವವರು’ ಎಂಬ ಭೇದ. ಕಾಯಿಲೆ ಹೊಸದಾಗಿರುವವರು ಯಾವ ಚಿಕಿತ್ಸೆಯಿಂದಾದರೂ ಬೇಗ ಚೇತರಿಸಿಕೊಳ್ಳಬಹುದು. ಹಾಗಿದ್ದಲ್ಲಿ ಕಾಯಿಲೆಯ ಅವಧಿಯು ಚೇತರಿಕೆಯನ್ನು ಸೂಚಿಸುತ್ತದೆಯೇ ಹೊರತು, ಮಾತ್ರೆಗಿಂತ ಕಾಂತೀಯ ಪ್ರಚೋದನೆಯೇ ಮೇಲೆಂದು ಸೂಚಿಸುವುದಿಲ್ಲ. ಈ ಭೇದವನ್ನು ತಿಳಿಯಲು ಹುಸಿ ಚಿಕಿತ್ಸೆ ಅಥವಾ ಬೇರೊಂದು ಚಿಕಿತ್ಸೆ ಪಡೆದ ಗುಂಪಿನೊಂದಿಗೆ ಹೋಲಿಸುವುದು ಅನಿವಾರ್ಯ.

ಒಂದು ಲೆಕ್ಕದ ಉದಾಹರಣೆ

ಮುನ್ಸೂಚನೆಯ ನಿಖರತೆಯ ಅರ್ಥವನ್ನು ಕಾಲ್ಪನಿಕ ಲೆಕ್ಕವೊಂದರಿಂದ ತಿಳಿಯಬಹುದು. 100 ರೋಗಿಗಳಲ್ಲಿ 50 ಮಂದಿಗೆ ಚಿಕಿತ್ಸೆಯಿಂದ ಗುಣವಾಗುತ್ತದೆ ಎಂದಿಟ್ಟುಕೊಳ್ಳೋಣ. ಶೇ. 70ರಷ್ಟು ಸರಿಯಾಗಿ ಹೇಳುವ ಪರೀಕ್ಷೆಯೊಂದು ಇದೆಯೆಂದೂ ಭಾವಿಸೋಣ. ಗುಣವಾಗುವ 50 ಮಂದಿಯಲ್ಲಿ 35 ಮಂದಿಗೆ ಅದು ‘ಆಗುತ್ತದೆ’ ಎಂದೂ 15 ಮಂದಿಗೆ ‘ಆಗುವುದಿಲ್ಲ’ ಎಂದೂ ಹೇಳುತ್ತದೆ. ಗುಣವಾಗದ 50 ಮಂದಿಯಲ್ಲಿ 35 ಮಂದಿಗೆ ‘ಆಗುವುದಿಲ್ಲ’ ಎಂದೂ 15 ಮಂದಿಗೆ ‘ಆಗುತ್ತದೆ’ ಎಂದೂ ಹೇಳುತ್ತದೆ. ಒಟ್ಟಿನಲ್ಲಿ ‘ಆಗುವುದಿಲ್ಲ’ ಎಂದು ಹೇಳಿಸಿಕೊಂಡವರು 50 ಮಂದಿ. ಅವರಲ್ಲಿ 15 ಮಂದಿ, ಅಂದರೆ ಹತ್ತರಲ್ಲಿ ಮೂವರು, ಚಿಕಿತ್ಸೆ ಪಡೆದಿದ್ದರೆ ಗುಣವಾಗುತ್ತಿದ್ದವರು.

ಶೇ. 70 ಎಂಬ ಅಂಕಿ ಕೇಳಲು ಆಕರ್ಷಕವಾಗಿದ್ದರೂ, ಚಿಕಿತ್ಸೆಯನ್ನು ನಿರಾಕರಿಸುವುದಕ್ಕೆ ಅದು ಸಾಲದು ಎಂಬುದು ಇದರಿಂದ ಸ್ಪಷ್ಟವಾಗುತ್ತದೆ. ಹಲವು ಔಷಧಿಗಳು ವಿಫಲವಾಗಿ, ಬೇರೆ ದಾರಿ ಹೆಚ್ಚಿಲ್ಲದ ರೋಗಿಗಳ ವಿಷಯದಲ್ಲಿ ಈ ತಪ್ಪಿನ ಬೆಲೆ ಮತ್ತಷ್ಟು ದೊಡ್ಡದು.

ಚಿಕಿತ್ಸೆಯ ನಡುವಿನ ಬದಲಾವಣೆ

ಈವರೆಗಿನ ಸುಳಿವುಗಳಲ್ಲಿ ವೈದ್ಯರಿಗೆ ಹೆಚ್ಚು ಉಪಯುಕ್ತವಾಗಿರುವುದು ಅತ್ಯಂತ ಸರಳವಾದುದು: ಚಿಕಿತ್ಸೆಯ ಮೊದಲ ಎರಡು ವಾರಗಳಲ್ಲಿ ರೋಗಿ ಎಷ್ಟು ಸುಧಾರಿಸಿದ್ದಾರೆ ಎಂಬುದು. 2018ರಲ್ಲಿ ಕೆನಡಾದ ಸಂಶೋಧಕರು, ಹತ್ತನೆಯ ಅವಧಿಯ ಹೊತ್ತಿಗೆ ಶೇ. 20ರಷ್ಟೂ ಸುಧಾರಣೆ ಕಾಣದವರಲ್ಲಿ ಬಹುಪಾಲು ಮಂದಿ ಕೊನೆಯವರೆಗೂ ಪ್ರತಿಸ್ಪಂದಿಸಲಿಲ್ಲವೆಂದು ವರದಿ ಮಾಡಿದರು. ಇದಕ್ಕೆ ದುಬಾರಿ ಯಂತ್ರ ಬೇಡ. ಪ್ರಶ್ನಾವಳಿ ಮತ್ತು ಅದನ್ನು ರೋಗಿಯ ಭಾಷೆಯಲ್ಲಿ ಕೇಳಬಲ್ಲವರಿದ್ದರೆ ಸಾಕು.

ಈ ಸುಳಿವಿಗೂ ಅಪವಾದಗಳಿವೆ. ಕೆಲವರಿಗೆ ಗುಣ ತಡವಾಗಿ ಕಾಣಿಸುತ್ತದೆ. ನಿಗದಿತ ಅವಧಿಯಲ್ಲಿ ಪ್ರತಿಸ್ಪಂದಿಸದ ರೋಗಿಗಳಿಗೆ ವಾರಕ್ಕೆ ಎರಡು ಬಾರಿಯಂತೆ ಇನ್ನೂ ನಾಲ್ಕು ವಾರ ಚಿಕಿತ್ಸೆ ಮುಂದುವರಿಸಿದಾಗ ಶೇ. 61 ಮಂದಿ ಪ್ರತಿಸ್ಪಂದಿಸಿದರೆಂದು 2017ರ ವರದಿಯೊಂದು ತಿಳಿಸಿತು. ಹೀಗಾಗಿ ಆರಂಭದಲ್ಲಿ ಬದಲಾವಣೆ ಕಾಣದಿದ್ದರೆ ಚಿಕಿತ್ಸೆಯನ್ನು ನಿಲ್ಲಿಸುವುದೊಂದೇ ದಾರಿಯಲ್ಲ. ಸುರುಳಿಯ ಜಾಗ, ಮಿಡಿತಗಳ ಕ್ರಮ ಅಥವಾ ಜೊತೆಯ ಔಷಧಿಗಳನ್ನು ಮರುಪರಿಶೀಲಿಸುವ ಸಂದರ್ಭವೆಂದೂ ಅದನ್ನು ಪರಿಗಣಿಸಲಾಗುತ್ತದೆ.

ಕರ್ನಾಟಕದಲ್ಲಿ

ನಿಮ್ಹಾನ್ಸ್ 1974ರಲ್ಲಿ ಬೆಂಗಳೂರಿನ ಮಾನಸಿಕ ಆಸ್ಪತ್ರೆ ಮತ್ತು ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಗಳ ವಿಲೀನದಿಂದ ರೂಪುಗೊಂಡಿತು. ಅಲ್ಲಿ ಕಾಂತೀಯ ಪ್ರಚೋದನೆಯ ಚಿಕಿತ್ಸೆ ಮತ್ತು ಸಂಶೋಧನೆ ಎರಡೂ ನಡೆಯುತ್ತಿವೆ. ಭಾರತದಲ್ಲಿ ಈ ಚಿಕಿತ್ಸೆಯ ಬಳಕೆಗೆ ಮಾರ್ಗಸೂಚಿಗಳು 2023ರಲ್ಲಿ ಇಂಡಿಯನ್ ಜರ್ನಲ್ ಆಫ್ ಸೈಕಿಯಾಟ್ರಿ ನಿಯತಕಾಲಿಕದಲ್ಲಿ ಪ್ರಕಟವಾದವು.

ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಂತೆ ದೇಶದ ಪ್ರತಿ 20 ವಯಸ್ಕರಲ್ಲಿ ಸುಮಾರು ಒಬ್ಬರು ಜೀವನದಲ್ಲಿ ಒಮ್ಮೆಯಾದರೂ ಖಿನ್ನತೆಗೆ ಒಳಗಾಗುತ್ತಾರೆ. ಖಿನ್ನತೆ ಇರುವವರಲ್ಲಿ ಸುಮಾರು ಶೇ. 85 ಮಂದಿಗೆ ಚಿಕಿತ್ಸೆಯೇ ದೊರೆಯುತ್ತಿರಲಿಲ್ಲ. ಸಮೀಕ್ಷೆ ನಡೆದ 12 ರಾಜ್ಯಗಳಲ್ಲಿ ಕರ್ನಾಟಕ ಇರಲಿಲ್ಲ. ಮುನ್ಸೂಚನೆಯ ದೊಡ್ಡ ಅಧ್ಯಯನಗಳಾದರೋ ಬಹುತೇಕ ಉತ್ತರ ಅಮೆರಿಕ ಮತ್ತು ಯುರೋಪಿನ ರೋಗಿಗಳನ್ನು ಆಧರಿಸಿವೆ. ಅಲ್ಲಿ ‘ಹಲವು ಔಷಧಿಗಳು ವಿಫಲವಾದ’ ರೋಗಿ ಎಂದರೆ ವರ್ಷಗಳ ಕಾಲ ನಿಯಮಿತವಾಗಿ ಚಿಕಿತ್ಸೆ ಪಡೆದವರು. ಯಾದಗಿರಿಯಂತಹ ಜಿಲ್ಲೆಯಲ್ಲಿ ಔಷಧಿ ವಿಫಲವಾಯಿತೆಂದು ಹೇಳುವ ರೋಗಿ, ಗುಳೆ ಹೋದಾಗ ಮಾತ್ರೆ ನಿಲ್ಲಿಸಿದವರಾಗಿರಬಹುದು ಅಥವಾ ಪೂರ್ಣ ಪ್ರಮಾಣದ ಮಾತ್ರೆಯನ್ನು ಎಂದೂ ಸೇವಿಸದವರಾಗಿರಬಹುದು. ಕಾಯಿಲೆಯೇ ಬಗ್ಗದಿರುವುದಕ್ಕೂ ಚಿಕಿತ್ಸೆಯೇ ತಲುಪದಿರುವುದಕ್ಕೂ ವ್ಯತ್ಯಾಸವಿದೆ. ಆ ದೇಶಗಳ ಮುನ್ಸೂಚನಾ ಸೂತ್ರಗಳನ್ನು ಇಲ್ಲಿಗೆ ಹಾಗೆಯೇ ಅನ್ವಯಿಸುವುದಕ್ಕೆ ಇದು ದೊಡ್ಡ ತೊಡಕು.

ಕಲ್ಯಾಣ ಕರ್ನಾಟಕಕ್ಕೆ ಮಾನಸಿಕ ಆರೋಗ್ಯದ ಇತಿಹಾಸದಲ್ಲಿ ವಿಶೇಷ ಸ್ಥಾನವಿದೆ. 1985ರಿಂದ ನಿಮ್ಹಾನ್ಸ್ ನೆರವಿನಿಂದ ಬಳ್ಳಾರಿ ಜಿಲ್ಲೆಯಲ್ಲಿ ನಡೆದ ಪ್ರಯೋಗವು, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು ಮತ್ತು ಕಾರ್ಯಕರ್ತರಿಗೆ ತರಬೇತಿ ನೀಡಿದರೆ ಹಳ್ಳಿಗಳಲ್ಲಿಯೇ ಮಾನಸಿಕ ಕಾಯಿಲೆಗಳಿಗೆ ಚಿಕಿತ್ಸೆ ಸಾಧ್ಯವೆಂದು ತೋರಿಸಿತು. 1996ರಲ್ಲಿ ದೇಶದಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ‘ಬಳ್ಳಾರಿ ಮಾದರಿ’ಯೇ ಆಧಾರವಾಯಿತು. ರಾಜ್ಯದ ಮನಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದಂದು ಮನೋವೈದ್ಯರ ಸೇವೆ ಏರ್ಪಾಡಾಗಿದೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಇದರಲ್ಲಿ ಕನ್ನಡದಲ್ಲಿಯೂ ಉಚಿತ ಸಲಹೆ ದೊರೆಯುತ್ತದೆ.

ಚಿಕಿತ್ಸೆಯ ನಿರ್ಧಾರದಲ್ಲಿ ಮುನ್ಸೂಚನೆಯ ಸ್ಥಾನ

2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು ಚಿಕಿತ್ಸೆ ಪಡೆಯುವುದನ್ನು ಹಕ್ಕಾಗಿ ಗುರುತಿಸಿ, ಮಾಹಿತಿ ನೀಡಿ ಸಮ್ಮತಿ ಪಡೆಯುವುದನ್ನು ಕಡ್ಡಾಯಗೊಳಿಸಿದೆ. ಮುನ್ಸೂಚನೆಯ ಪ್ರಾಮಾಣಿಕ ವಿವರಣೆಯೂ ಅಂತಹ ಮಾಹಿತಿಯ ಭಾಗವಾಗುತ್ತದೆ. ಗುಣವಾಗುವ ಸಂಭವ ಸುಮಾರಾಗಿ ಎಷ್ಟು, ಯಾವ ಸಂಗತಿಗಳು ರೋಗಿಯ ಪರವಾಗಿವೆ, ಎಷ್ಟು ಅವಧಿಗಳ ನಂತರ ಮರುಪರಿಶೀಲನೆ ನಡೆಯುತ್ತದೆ, ಫಲ ಕಾಣದಿದ್ದರೆ ಮುಂದಿನ ದಾರಿ ಯಾವುದು ಎಂಬುದು ತಿಳಿದಿದ್ದರೆ, ದೂರದ ಊರಿನ ಕುಟುಂಬವು ಹೊರಡುವ ಮೊದಲೇ ತನ್ನ ಸಿದ್ಧತೆ ಮಾಡಿಕೊಳ್ಳಬಹುದು.

ಇದೇ ವೇಳೆ ಚಿಕಿತ್ಸೆಯ ಅವಧಿ ಕಡಿಮೆಯಾದಂತೆ ಮುನ್ಸೂಚನೆಯ ಮೇಲಿನ ಭಾರವೂ ಇಳಿಯುತ್ತದೆ. ಆರು ವಾರಗಳ ಬದಲು ಐದು ದಿನಗಳಲ್ಲಿ ಚಿಕಿತ್ಸೆ ಮುಗಿಯುವುದಾದರೆ, ಅಥವಾ ಯಂತ್ರವು ಜಿಲ್ಲಾ ಕೇಂದ್ರಕ್ಕೇ ಬರುವುದಾದರೆ, ಚಿಕಿತ್ಸೆಯನ್ನು ಪಡೆದು ನೋಡುವುದೇ ಎಲ್ಲಕ್ಕಿಂತ ಖಚಿತವಾದ ಪರೀಕ್ಷೆಯಾಗುತ್ತದೆ.

ಇವನ್ನೂ ನೋಡಿ

ಖಿನ್ನತೆ
ನಿಮ್ಹಾನ್ಸ್
ವಿದ್ಯುತ್ ಕಂಪನ ಚಿಕಿತ್ಸೆ
ವಿದ್ಯುತ್ಕಾಂತೀಯ ಪ್ರೇರಣೆ
ಯಾದಗಿರಿ ಜಿಲ್ಲೆ